ಚಿಕಿತ್ಸೆಯ ಮಂಚವೂ ಪಾಠದ ಹಲಗೆಯೂ

ಬಿ.ಇಡಿ. ಎರಡನೆಯ ವರ್ಷದಲ್ಲಿ ಹದಿನಾರು ವಾರಗಳ ಶಾಲಾ ಇಂಟರ್ನ್‌ಶಿಪ್ ಇರುತ್ತದೆ. ಪಾಠಯೋಜನೆ, ಅವಲೋಕನ ಹಾಳೆ, ಬೋಧನೋಪಕರಣಗಳ ಬಗ್ಗೆ ಈ ಪತ್ರಿಕೆಯಲ್ಲಿ ನನ್ನ ಹಿರಿಯ ಪ್ರಶಿಕ್ಷಣಾರ್ಥಿಗಳು ಸಾಕಷ್ಟು ಬರೆದಿದ್ದಾರೆ. ಅದೇ ಹದಿನಾರು ವಾರಗಳಲ್ಲಿ ನಾನು ಶಾಲೆಯ ಹೊರಗೆ ನೋಡಿದ ಬೇರೊಂದು ಬೋಧನೆಯ ಕುರಿತು ಇಲ್ಲಿ ಬರೆಯುತ್ತಿದ್ದೇನೆ. ಅದು ನಡೆಯುತ್ತಿದ್ದದ್ದು ವಿಜಯಪುರದ ಒಂದು ಆಸ್ಪತ್ರೆಯ ಫಿಜಿಯೋಥೆರಪಿ ವಿಭಾಗದಲ್ಲಿ.

ನಮ್ಮದು ಇಂಡಿ ತಾಲ್ಲೂಕು. ಲಿಂಬೆ ತೋಟವಿದೆ. ಕಳೆದ ವರ್ಷ ಮಳೆಗಾಲದಲ್ಲಿ ಅಪ್ಪನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದವು. ಮಾತು ಉಳಿಯಿತು. ವಾರಕ್ಕೆ ಮೂರು ದಿನ ಫಿಜಿಯೋಥೆರಪಿಗೆ ಬರಬೇಕೆಂದರು. ಉಳಿದ ದಿನ ಅವ್ವ, ತಮ್ಮ ಕರೆತರುತ್ತಿದ್ದರು. ಶನಿವಾರ ಶಾಲೆ ಬೆಳಿಗ್ಗೆಯಷ್ಟೇ ಇರುವುದರಿಂದ ಅಂದು ನನ್ನ ಪಾಳಿ. ದಸರಾ ರಜೆಯಲ್ಲಂತೂ ನಾನೇ ಹೋಗುತ್ತಿದ್ದೆ.

ವಿಜಯಪುರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ. ಅಲ್-ಅಮೀನ್ 1984ರಲ್ಲಿ, ಬಿ.ಎಲ್.ಡಿ.ಇ. ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು 1986ರಲ್ಲಿ ಆರಂಭವಾದವು. ಹೀಗಾಗಿ ನಮ್ಮ ಜಿಲ್ಲೆಯ ರೋಗಿಗಳಿಗೆ ಕಲಿಯುವ ಹುಡುಗರ ಬಿಳಿ ಕೋಟು ಹೊಸದಲ್ಲ. ಸರದಿಯಲ್ಲಿ ಕೂತು ಪಕ್ಕದವರ ಚೀಟಿ ನೋಡಿದರೆ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇಂಡಿ. ತೊಗರಿ ಕೊಯ್ದು ಸೊಂಟ ಹಿಡಿದ ತಾಯಂದಿರು, ಬೈಕಿನಿಂದ ಬಿದ್ದು ಮೊಣಕಾಲು ಮಡಚಲಾಗದ ಹುಡುಗರು, ಅಪ್ಪನಂಥವರು. ನಮ್ಮ ಕಾಲೇಜಿನ ಹಾಜರಿ ಪುಸ್ತಕ ತೆಗೆದರೂ ಇವೇ ನಾಲ್ಕು ಊರುಗಳು. ಒಂದೇ ಬಸ್ಸಿನಲ್ಲಿ ನಾವು ಕಲಿಸುವುದನ್ನು ಕಲಿಯಲು ಬರುತ್ತೇವೆ, ಅವರು ನಡೆಯುವುದನ್ನು ಕಲಿಯಲು ಬರುತ್ತಾರೆ.

ಅಪ್ಪನಿಗೆ ಚಿಕಿತ್ಸೆ ಕೊಡುತ್ತಿದ್ದ ಮೇಡಂ ಅದೇ ಹೊತ್ತಿನಲ್ಲಿ ವಿದ್ಯಾರ್ಥಿಗಳಿಗೆ ಪಾಠವನ್ನೂ ಮಾಡುತ್ತಿದ್ದರು. ಆರೇಳು ಜನ ಎಂಬಿಬಿಎಸ್ ವಿದ್ಯಾರ್ಥಿಗಳು, ಕೆಲವೊಮ್ಮೆ ಫಿಜಿಯೋಥೆರಪಿ ಇಂಟರ್ನ್‌ಗಳು ಮಂಚದ ಸುತ್ತ ನಿಲ್ಲುತ್ತಿದ್ದರು. ನಾನು ಮೊದಲು ಗಮನಿಸಿದ್ದು ಅವರ ಪೀಠಿಕೆಯನ್ನು. ಪ್ರತಿ ಸಲವೂ, ಹತ್ತನೆಯ ಸಲವೂ, ಅವರು ಅಪ್ಪನನ್ನು ಕೇಳುತ್ತಿದ್ದರು: "ಕಾಕಾ, ಈ ಹುಡುಗ್ರಿಗೆ ನಿಮ್ಮ ಕೈ ತೋರಸ್ಲೇನ್ರಿ? ಬ್ಯಾಡಂದ್ರ ಬ್ಯಾಡ."

"ತೋರ್ಸವಾ, ಕಲೀಲಿ" ಎನ್ನುತ್ತಿದ್ದ ಅಪ್ಪ.

ಒಂದು ದಿನ ಅಪ್ಪ "ಇವತ್ತ ಬ್ಯಾಡ" ಎಂದ. ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ. ಕೈ ಬಗ್ಗೆ ನಾಲ್ಕು ಮಂದಿ ಮಾತಾಡುವುದು ಬೇಡವಾಗಿತ್ತು. ಮೇಡಂ ಒಂದು ಮಾತೂ ಆಡದೆ ವಿದ್ಯಾರ್ಥಿಗಳನ್ನು ಮೂಲೆಯ ಅಸ್ಥಿಪಂಜರದ ಮಾದರಿಯ ಕಡೆಗೆ ಕಳಿಸಿ, ಎಂದಿನ ಅರ್ಧ ಗಂಟೆಯ ಚಿಕಿತ್ಸೆಯನ್ನು ಒಂದು ನಿಮಿಷವೂ ಕಡಿಮೆ ಮಾಡದೆ ಮುಗಿಸಿದರು. ಅಂದಿನ ಪಾಠ ಅವರಿಗೆ ಹೋಯಿತು, ಅಪ್ಪನಿಗೆ ಏನೂ ಹೋಗಲಿಲ್ಲ.

ಒಂದೇ ವಿಷಯವನ್ನು ಅವರು ಮೂರು ಭಾಷೆಯಲ್ಲಿ ಹೇಳುತ್ತಿದ್ದರು. ವಿದ್ಯಾರ್ಥಿಗಳಿಗೆ "ಶೋಲ್ಡರ್ ಸಬ್‌ಲಕ್ಸೇಶನ್". ಅಪ್ಪನಿಗೆ "ಕೀಲು ಜೋತ ಬಿದ್ದದ ಕಾಕಾ, ಕೈ ಭಾರ ಅದರ ಮ್ಯಾಲ ಬೀಳಬಾರ್ದು". ಅವ್ವನಿಗೆ ಮಾತಿಗಿಂತ ಹೆಚ್ಚಾಗಿ ಮಾಡಿ ತೋರಿಸುವುದು. ಭುಜದ ಕೀಲಿನ ಗುಂಡು ದೊಡ್ಡದು, ಅದು ಕೂರುವ ಗುಳಿ ಆಳವಿಲ್ಲದ್ದು. ಸುತ್ತಲಿನ ಸ್ನಾಯುಗಳೇ ಅದನ್ನು ಹಿಡಿದಿಟ್ಟಿರುತ್ತವೆ. ಲಕ್ವ ಹೊಡೆದ ಮೇಲೆ ಸ್ನಾಯು ಸಡಿಲಾಗಿ, ಕೈಯ ತೂಕವೇ ಗುಂಡನ್ನು ಕೆಳಕ್ಕೆ ಎಳೆಯುತ್ತದೆ. ಮನೆಯಲ್ಲಿ ಎಲ್ಲರೂ ಮಾಡುವುದು ಏನು? ಏಳಿಸುವಾಗ ಬಿದ್ದ ಕೈಯನ್ನೇ ಹಿಡಿದು ಜಗ್ಗುವುದು. ಹಾಗೆ ಜಗ್ಗದೆ ಬೆನ್ನಿನ ಹಿಂದೆ ಕೈ ಹಾಕಿ ಎಬ್ಬಿಸುವುದನ್ನು ಅವ್ವನಿಂದ ನಾಲ್ಕು ಸಲ ಮಾಡಿಸಿದರು. "ತಿಳೀತಾ?" ಎಂದು ಒಮ್ಮೆಯೂ ಕೇಳಲಿಲ್ಲ. ನಾವು ತರಗತಿಯಲ್ಲಿ ಆ ಪ್ರಶ್ನೆಯನ್ನು ಎಷ್ಟು ಸಲ ಕೇಳುತ್ತೇವೆ, ಮಕ್ಕಳು ರಾಗವಾಗಿ "ಹೂಂ ಟೀಚರ್" ಎಂದು ಎಷ್ಟು ಸಲ ಹೇಳುತ್ತಾರೆ, ಅವಲೋಕನಕ್ಕೆ ಬರುವ ಉಪನ್ಯಾಸಕರಿಗೆ ಅದು ಚೆನ್ನಾಗಿ ಗೊತ್ತು.

ಒಮ್ಮೆ ಒಬ್ಬ ವಿದ್ಯಾರ್ಥಿ ಅಪ್ಪನ ಮಣಿಕಟ್ಟು ಹಿಡಿದು ನೇರವಾಗಿ ಮೇಲೆತ್ತಲು ಹೋದ. ಮೇಡಂ ಬಾಯಿ ಬಿಡಲಿಲ್ಲ. ಅವನ ಕೈಯ ಮೇಲೆ ತಮ್ಮ ಕೈ ಇಟ್ಟು ತಡೆದು, ಅವನ ಇನ್ನೊಂದು ಕೈಯನ್ನು ಅಪ್ಪನ ಬೆನ್ನಿನ ಹೆಗಲೆಲುಬಿನ ಮೇಲೆ ಇರಿಸಿದರು. ಎಲುಬು ತಿರುಗಿದ ಮೇಲೆ ಕೈ ಎದ್ದಿತು. ಏಕೆ ಹಾಗೆ ಎಂಬ ವಿವರಣೆ ಆಮೇಲೆ, ಕಾರಿಡಾರಿನಲ್ಲಿ. ನಮ್ಮ ಪಾಠಾಭ್ಯಾಸದಲ್ಲಿ ಹಿಂದಿನ ಬೆಂಚಿನಿಂದ ಜೋರಾಗಿ ತಿದ್ದುವ ರೂಢಿ ಕೆಲವೆಡೆ ಇದೆ. ಆ ದಿನ ಮಕ್ಕಳ ಮುಂದೆ ಪ್ರಶಿಕ್ಷಣಾರ್ಥಿಯ ಪಾಠ ಮತ್ತೆ ಮೇಲೇಳುವುದಿಲ್ಲ.

ಆದರೆ ನನ್ನನ್ನು ಬಹಳ ದಿನ ಕಾಡಿದ್ದು ಅವರ ಅಂಕ ಹಾಕುವ ಕ್ರಮ. ಸ್ನಾಯುವಿನ ಶಕ್ತಿಯನ್ನು 0ಯಿಂದ 5ರವರೆಗೆ ಬರೆಯುತ್ತಾರೆ. ಏನೂ ಚಲನೆ ಇಲ್ಲದಿದ್ದರೆ 0. ಸ್ನಾಯು ಸ್ವಲ್ಪ ಮಿಡಿದರೂ ಕೀಲು ಅಲುಗದಿದ್ದರೆ 1. ಗುರುತ್ವದ ಭಾರ ತಪ್ಪಿಸಿಟ್ಟಾಗ ಅಲುಗಿದರೆ 2. ಗುರುತ್ವದ ವಿರುದ್ಧ ಎದ್ದರೆ 3. ನಾವು ತಡೆ ಒಡ್ಡಿದರೂ ಸ್ವಲ್ಪ ಮಟ್ಟಿಗೆ ಎದುರಿಸಿದರೆ 4. ಪೂರ್ಣ ಶಕ್ತಿ ಇದ್ದರೆ 5. ನಮ್ಮ ಇಪ್ಪತ್ತಕ್ಕೆ ಹನ್ನೊಂದು ಎಂಬಂಥ ಅಂಕವಲ್ಲ ಇದು. ಆ ಅಂಕಿಯನ್ನು ಓದಿದರೆ ರೋಗಿ ಏನು ಮಾಡಬಲ್ಲ ಎಂಬುದು ತಿಳಿಯುತ್ತದೆ.

ಒಬ್ಬ ವಿದ್ಯಾರ್ಥಿನಿ ಅಪ್ಪನ ಮೊಣಕೈಗೆ 1 ಎಂದು ಬರೆದಳು. ಕೈ ಎತ್ತಲು ಹೇಳಿದ್ದಳು, ಎದ್ದಿರಲಿಲ್ಲ. ಮೇಡಂ ಒಂದು ನುಣುಪಾದ ಹಲಗೆ ತಂದು, ಅದರ ಮೇಲೆ ಪೌಡರ್ ಉದುರಿಸಿ, ಅಪ್ಪನ ತೋಳನ್ನು ಭುಜದ ಎತ್ತರಕ್ಕೆ ಅಡ್ಡಲಾಗಿ ಅದರ ಮೇಲಿಟ್ಟರು. "ಈಗ ಮಡಚ್ರಿ ಕಾಕಾ." ಮುಂಗೈ ನಿಧಾನಕ್ಕೆ ಜಾರಿ ಒಳಗೆ ಬಂತು. ಅಪ್ಪ ತನ್ನ ಕೈಯನ್ನೇ ಬೇರೆಯವರ ಕೈ ಎಂಬಂತೆ ನೋಡಿದ. ವಿದ್ಯಾರ್ಥಿನಿ 1ನ್ನು ಹೊಡೆದು 2 ಬರೆದಳು. "ಕೈಯಾಗ ಏನೂ ಇಲ್ಲಂತ ಬರಿಯೂ ಮುಂಚೆ, ನೀ ಎಲ್ಲಿ ಇಟ್ಟು ನೋಡಿದಿ ಅದನ್ನ ನೋಡು" ಎಂದರು ಮೇಡಂ.

ನನ್ನ ಶಾಲೆಯ ಹತ್ತನೆಯ ತರಗತಿಯಲ್ಲಿ ತಾಂಡಾದಿಂದ ಬರುವ ಒಬ್ಬ ಹುಡುಗನಿದ್ದ. ಮನೆಮಾತು ಲಂಬಾಣಿ. ನರವ್ಯೂಹದ ಪಾಠದ ಕಿರುಪರೀಕ್ಷೆಯಲ್ಲಿ ಪರಾವರ್ತಿತ ಕ್ರಿಯೆಯ ಪ್ರಶ್ನೆಗೆ ಅವನ ಹಾಳೆ ಖಾಲಿ. ಮಾರನೆಯ ದಿನ ಊಟದ ಹೊತ್ತಿನಲ್ಲಿ ಅವನನ್ನು ಕೂರಿಸಿ, ಒಲೆಯ ಮೇಲಿನ ಹಂಚು ಮುಟ್ಟಿದರೆ ಏನಾಗುತ್ತದೆ ಎಂದು ಕೇಳಿದೆ. "ಕೈ ಮೊದ್ಲ ಹಿಂದ ಬರ್ತದ್ರಿ ಟೀಚರ್. ಸುಟ್ಟದ್ದು ಆಮ್ಯಾಲ ಗೊತ್ತಾಗ್ತದ" ಎಂದ. ಪಠ್ಯಪುಸ್ತಕ ಒಂದು ಚಿತ್ರ ಬರೆದು ಹೇಳುವುದೂ ಇದನ್ನೇ. ಆದೇಶ ಮಿದುಳುಬಳ್ಳಿಯಿಂದಲೇ ಹೊರಟುಬಿಡುತ್ತದೆ, ಮಿದುಳಿಗೆ ಸುದ್ದಿ ತಲುಪುವಷ್ಟರಲ್ಲಿ ಕೈ ಹಿಂದೆ ಬಂದಿರುತ್ತದೆ. ಅವನಿಗೆ ಕ್ರಮವೇ ಗೊತ್ತಿತ್ತು, ಬರೆಯುವ ಕನ್ನಡ ಭಾರವಾಗಿತ್ತು. ರೂಪಣಾತ್ಮಕ ಮೌಲ್ಯಮಾಪನದಲ್ಲಿ ಮೌಖಿಕಕ್ಕೆ ಜಾಗವಿದೆ ಎಂದು ನಾವು ಓದುತ್ತೇವೆ. ನಮಗೆ ಕೊಟ್ಟ ದಾಖಲೆಯ ನಮೂನೆಯಲ್ಲಿ ಮಾತ್ರ ಅದಕ್ಕೆ ಅಂಕಣ ಇರಲಿಲ್ಲ. ದಿನಚರಿಯಲ್ಲಿ ಎರಡು ಸಾಲು ಬರೆದೆ.

ಚಿಕಿತ್ಸೆ ಮತ್ತು ಪಾಠ, ಎರಡನ್ನೂ ಹೇಗೆ ನಿಭಾಯಿಸುತ್ತೀರಿ ಎಂದು ಮೇಡಂ ಅವರನ್ನು ಕೇಳಿದ್ದೆ. ಸೋಮವಾರ ನಿಭಾಯಿಸಲು ಆಗುವುದೇ ಇಲ್ಲ, ಜನ ಬಹಳ ಇರುತ್ತಾರೆ, ಅಂದು ಹುಡುಗರು ಬರೀ ನೋಡಬೇಕು ಎಂದರು. ಆದರೆ ಪಾಠ ಇದ್ದ ದಿನ ತಮ್ಮ ಫೈಲು ಹೆಚ್ಚು ಚೊಕ್ಕವಾಗಿರುತ್ತದಂತೆ. ಯಾರಾದರೂ "ಏಕೆ" ಎಂದು ಕೇಳುತ್ತಾರೆ ಎಂಬ ಕಾರಣಕ್ಕೆ.

ಅಣುಬೋಧನೆ ಹುಟ್ಟಿದ್ದು 1963ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಂದು ನಾವು ಪರೀಕ್ಷೆಗೆ ಬರೆಯುತ್ತೇವೆ. ಐದಾರು ನಿಮಿಷ, ಒಂದೇ ಕೌಶಲ, ಕೂತು ಕೇಳುವವರು ನಮ್ಮ ಸಹಪಾಠಿಗಳೇ. ಅಲ್ಲಿ ಎಡವಿದರೆ ಯಾರಿಗೂ ನಷ್ಟವಿಲ್ಲ. ಶಾಲೆಗೆ ಹೋದ ದಿನದಿಂದ ಲೆಕ್ಕ ಬದಲಾಗುತ್ತದೆ. ಅಲ್ಲಿನ ಮಕ್ಕಳು ನಮ್ಮ ಅಸ್ಥಿಪಂಜರದ ಮಾದರಿಯಲ್ಲ. ಒಂದೇ ತರಗತಿಗೆ ನಾಲ್ವರು ಪ್ರಶಿಕ್ಷಣಾರ್ಥಿಗಳು ಬಂದು, ನಾಲ್ವರೂ ತಮ್ಮ ತಮ್ಮ ಎಣಿಕೆ ಮುಗಿಸಿ ಹೊರಟರೆ, ಆ ವರ್ಷದ ಪಾಠ ಹೋದದ್ದು ಆ ಮಕ್ಕಳದ್ದು. ಆಸ್ಪತ್ರೆಯಲ್ಲಿ ಅಪ್ಪನನ್ನು ಕೇಳಿದರು. ಈ ಮಕ್ಕಳನ್ನು ಯಾರು ಕೇಳಿದ್ದಾರೆ?

ಇಂಟರ್ನ್‌ಶಿಪ್ಪಿನ ನಡುವೆ ನಾನು ಮಕ್ಕಳಿಗೆ ನೇರವಾಗಿ ಹೇಳಿದೆ: "ನಾನೂ ಇಲ್ಲಿ ಕಲಿಯಲು ಬಂದವಳು. ತಿಳಿಯದಿದ್ದರೆ ಕೈ ಎತ್ತಿ, ನಿಲ್ಲಿಸುತ್ತೇನೆ." ಹೀಗೆ ಹೇಳಿದರೆ ಶಿಕ್ಷಕರ ತೂಕ ಇಳಿಯುತ್ತದೆ ಎಂದು ಹಿರಿಯರೊಬ್ಬರು ಹೇಳಿದರು. ಅವರ ಅನುಭವ ದೊಡ್ಡದು, ಆದರೂ ನಾನು ಒಪ್ಪಲಿಲ್ಲ. ಅಂಕವಿರುವ ಪಾಠದ ದಿನವೇ ಒಬ್ಬ ಹುಡುಗಿ ಕೈ ಎತ್ತಿದಳು. ಬಲ ಮಿದುಳಿಗೆ ಪೆಟ್ಟಾದರೆ ಎಡಗೈ ಏಕೆ ಬೀಳುತ್ತದೆ ಎಂದು ಕೇಳಿದಳು. ಹಿಂದೆ ಅವಲೋಕಕರು ಕೂತಿದ್ದರು, ಗಡಿಯಾರದಲ್ಲಿ ಎಂಟು ನಿಮಿಷ ಉಳಿದಿತ್ತು. ನರಗಳ ಹಾದಿ ಮಿದುಳಿನ ಬುಡದಲ್ಲಿ ಹೇಗೆ ಅಡ್ಡ ದಾಟುತ್ತದೆ ಎಂದು ಇಬ್ಬರು ಹುಡುಗಿಯರನ್ನು ನಿಲ್ಲಿಸಿ, ಎರಡು ಓಢಣಿಗಳನ್ನು ಅಡ್ಡಹಾಯಿಸಿ ತೋರಿಸಿದೆ. ಗಂಟೆ ಬಾರಿಸಿತು. ಮೌಲ್ಯಮಾಪನದ ಹಂತ, ಮನೆಗೆಲಸ ಎರಡೂ ಉಳಿದವು. ಹಾಳೆಯಲ್ಲಿ "ಮುಕ್ತಾಯ ಅಪೂರ್ಣ" ಎಂದು ಬಂತು, ಎರಡು ಅಂಕ ಹೋದವು. ನಾಳೆ ಮತ್ತೆ ಆ ಕೈ ಎದ್ದರೂ ನಾನು ನಿಲ್ಲಿಸುವವಳೇ.

ಅಪ್ಪನ ಮೊಣಕೈ ಈಗ 3. ಭುಜ ಇನ್ನೂ 2ರಲ್ಲೇ ಇದೆ. ಲಿಂಬೆ ಹರಿಯಲು ಆಗುವುದಿಲ್ಲ, ಬುಟ್ಟಿಯ ಅಂಚು ಹಿಡಿದುಕೊಳ್ಳುತ್ತಾನೆ. ಹೊಸ ತಂಡದ ವಿದ್ಯಾರ್ಥಿಗಳು ಬಂದಾಗ, "ಮೊದಲ ಹಿಂದಿನ ಎಲುಬಿಗೆ ಕೈ ಹಚ್ಚ ತಮ್ಮಾ" ಎಂದು ಅವನೇ ಹೇಳುತ್ತಾನೆ. ಮೇಡಂ ಆ ಹೊತ್ತಿಗೆ ಪಕ್ಕದ ಮಂಚಕ್ಕೆ ಹೋಗಿರುತ್ತಾರೆ.

ಕಾಲೇಜಿಗೆ ಒಂದು ಮನವಿ. ಸಮಗ್ರ ಶಿಕ್ಷಣದ ಅಡಿಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಗಳ ಮೂಲಕ ಫಿಜಿಯೋಥೆರಪಿ ಸೇವೆ ಕೊಡುವ ವ್ಯವಸ್ಥೆ ಇದೆ. ಅಲ್ಲಿ ಚಿಕಿತ್ಸಕರು ಮಗುವಿನ ಕಾಲನ್ನು ಹಿಡಿದುಕೊಂಡೇ ತಾಯಿಗೆ ಪಾಠ ಮಾಡಬೇಕಾಗುತ್ತದೆ. ಸಮನ್ವಯ ಶಿಕ್ಷಣ ನಮಗೆ ಒಂದು ಪತ್ರಿಕೆ, ಎಂಬತ್ತು ಪುಟಗಳ ನೋಟ್ಸು. ಇಂಟರ್ನ್‌ಶಿಪ್ಪಿನ ಹದಿನಾರು ವಾರಗಳಲ್ಲಿ ಅರ್ಧ ದಿನವನ್ನು ಅಲ್ಲಿ ಕಳೆಯಲು ಅವಕಾಶ ಕೊಡಬೇಕು, ದೂರ ಬರಲಾಗದವರು ತಮ್ಮ ತಮ್ಮ ತಾಲ್ಲೂಕಿನ ಕೇಂದ್ರಕ್ಕೇ ಹೋಗಲಿ ಎಂದು ಪ್ರಾಚಾರ್ಯರಿಗೆ ಪತ್ರ ಕೊಟ್ಟಿದ್ದೇನೆ. ಸಿಂದಗಿಯಿಂದ ಇಬ್ಬರು, ಮುದ್ದೇಬಿಹಾಳದಿಂದ ಒಬ್ಬರು, ಬಾಗೇವಾಡಿಯಿಂದ ಒಬ್ಬರು ನನ್ನೊಂದಿಗೆ ಸಹಿ ಹಾಕಿದ್ದಾರೆ. ಹೆಸರು ಸೇರಿಸುವವರಿಗೆ ಪತ್ರದ ಪ್ರತಿ ವಿಜ್ಞಾನ ಬೋಧನಾ ಕೊಠಡಿಯ ಮೇಜಿನ ಮೇಲಿದೆ.