ಕಾಡಿನಲ್ಲಿ ಜೀವದಯೆ

ನಮ್ಮ ಕಡೆಯ ಜೈನ ಮನೆತನಗಳಲ್ಲಿ ಪ್ರವಾಸವೆಂದರೆ ಕ್ಷೇತ್ರದರ್ಶನ. ಶಿರೂರ ಅನಂತಪಾಳದಿಂದ ನಮ್ಮ ಗಾಡಿ ಹೊರಟಿತೆಂದರೆ ಕುಂಥಲಗಿರಿಗೋ ಶ್ರವಣಬೆಳಗೊಳಕ್ಕೋ ಇರಬೇಕೆಂದು ಓಣಿಯವರೇ ಹೇಳಿಬಿಡುತ್ತಾರೆ. ಈಗಿನ ಮಕ್ಕಳಿಗೆ ಅಷ್ಟು ಸಾಲದು, ಕಾಡು ತೋರಿಸಿರಿ ಎನ್ನುತ್ತಾರೆ. ಅವರ ಮಾತೂ ಸರಿಯೇ. ನಿಲಂಗಾ, ಉದಗೀರ, ಉಮರ್ಗಾ ಸೀಮೆಯಲ್ಲಿ ತೊಗರಿ, ಸೋಯಾ ಹೊಲಗಳನ್ನು ನೋಡಿ ಬೆಳೆದ ನಮಗೆ ಬೀದರ ದಾರಿಯಲ್ಲಿ ಚಿಗರಿ ಕಂಡರೆ ಅದೇ ವನ್ಯಮೃಗ.

2023ರ ಡಿಸೆಂಬರಿನಲ್ಲಿ ಮಗ, ಸೊಸೆ, ಮೊಮ್ಮಕ್ಕಳೊಡನೆ ಭಗವಾನ್ ಬಾಹುಬಲಿಯ ದರ್ಶನ ಮುಗಿಸಿ, ಮೈಸೂರಿನಲ್ಲಿ ತಂಗಿ, ಅಲ್ಲಿಂದ ಸುಮಾರು 80 ಕಿಲೋಮೀಟರ್ ದೂರದ ಬಂಡೀಪುರಕ್ಕೆ ಹೋದೆವು. ಅದು ಹಿಂದೆ ಮೈಸೂರು ಮಹಾರಾಜರು ಬೇಟೆಯಾಡುತ್ತಿದ್ದ ಕಾಡು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲು ಆರಿಸಿದ 9 ಕಾಡುಗಳಲ್ಲಿ ಇದೂ ಒಂದು. ಬೇಟೆಯ ನೆಲವೇ ಅಭಯದ ನೆಲವಾಯಿತು. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿದ್ದವು. ನಮಗೆ ಒಂದೂ ಕಾಣಲಿಲ್ಲ. ಜಿಂಕೆ, ಕಾಡುಕೋಣ, ಮರಿಯೊಡನೆ ಹೋಗುವ ಆನೆ ಕಂಡವು. ಮಕ್ಕಳಿಗೆ ಅದೇ ಹಬ್ಬವಾಯಿತು.

ಆದರೆ ನಾನು ಬರೆಯಹೊರಟದ್ದು ಬೇರೆ. ಇರುವೆಗೆ ಹಿಟ್ಟು, ಹಕ್ಕಿಗೆ ಜೋಳ ಹಾಕದ ದಿನ ನಮ್ಮ ಮನೆಯಲ್ಲಿಲ್ಲ. ನಮ್ಮ ಮನೆಯವರು ಪುಟಾಣಿ, ಬಾಳೆಹಣ್ಣು ಕಟ್ಟಿಕೊಂಡೇ ಬಂದಿದ್ದರು. ರಸ್ತೆ ಬದಿಯ ಮಂಗಗಳನ್ನು ಕಂಡು ಗಾಡಿ ನಿಲ್ಲಿಸೆಂದರು. ಮೊಮ್ಮಗಳು, "ಅಜ್ಜಿ, ಫಲಕ ನೋಡು, ತಿನ್ನಿಸಬಾರದು" ಎಂದಳು. "ಹಸಿದ ಜೀವಕ್ಕೆ ಕೊಡಬೇಡ ಅನ್ನೋದು ಯಾವ ಧರ್ಮ?" ಎಂದು ಅವರು ಸಿಟ್ಟಾದರು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಚೆಕ್‌ಪೋಸ್ಟಿನಲ್ಲಿ ಅರಣ್ಯ ಕಾವಲುಗಾರರೊಬ್ಬರನ್ನು ಕೇಳಿದೆವು.

ಅವರು ಸಮಾಧಾನದಿಂದ ತಿಳಿಸಿದರು: "ತಾಯಿ, ಕಾಡಿನಲ್ಲಿ ಇವಕ್ಕೆ ಹಣ್ಣು, ಚಿಗುರು ಇದೆ. ನೀವು ಕೊಟ್ಟರೆ ಕಾಡು ಬಿಟ್ಟು ರಸ್ತೆಯಲ್ಲೇ ಕೂಡುತ್ತವೆ. ಮುಂದಿನ ಗಾಡಿಯ ಚಕ್ರಕ್ಕೆ ಸಿಗುತ್ತವೆ. ಉಪ್ಪಿನ ರುಚಿಗೆ ಜಿಂಕೆಗಳು ಪ್ಲಾಸ್ಟಿಕ್ ಚೀಲವನ್ನೂ ನುಂಗುತ್ತವೆ." ಮನೆಯವರು ಚೀಲದ ಬಾಯಿ ಕಟ್ಟಿದರು. ಮರುಮಾತಾಡಲಿಲ್ಲ.

ಈ ಕಾಡಿನ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕೆಲವೇ ಬಸ್ಸುಗಳಿಗೆ, ಆಂಬುಲೆನ್ಸಿಗೆ ಬಿಡುವು. ಕೇರಳದ ಕಡೆ ಸರಕು ಸಾಗಿಸುವ ವ್ಯಾಪಾರಿಗಳಿಗೆ ಇದು ನಷ್ಟವೆಂಬ ತಕರಾರು ಇದೆ. ಸರಕು ತಡವಾದರೆ ಏನಾಗುತ್ತದೆಂದು ವ್ಯಾಪಾರಿಯಾದ ನನಗೂ ಗೊತ್ತು. ಆದರೂ ಮಳೆಗಾಲದ ನಾಲ್ಕು ತಿಂಗಳು ನಮ್ಮ ಮುನಿಗಳು ವಿಹಾರ ನಿಲ್ಲಿಸುವುದು ಏತಕ್ಕೆ? ಕಾಲಡಿಯಲ್ಲಿ ಜೀವ ಸಾಯಬಾರದೆಂದು. ಈ ಕಾಯ್ದೆಯಲ್ಲಿ ನನಗೆ ಅದೇ ಭಾವ ಕಂಡಿತು. ಕೊಡುವುದು ದಯೆ ಹೌದು; ಕೈ ತಡೆದು, ದಾರಿ ಬಿಟ್ಟು ನಿಲ್ಲುವುದೂ ದಯೆಯೇ.

ಕಾಡಿಗೆ ಹೊರಡುವ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ. ಸೂರ್ಯಾಸ್ತಕ್ಕೆ ಮುಂಚೆ ಉಣ್ಣುವ ನಮಗೆ ಹೊತ್ತಿರುವಾಗಲೇ ಕಾಡು ದಾಟುವುದು ಕಷ್ಟವಲ್ಲ. ಗಾಡಿ ನಿಧಾನವಾಗಿ ಓಡಿಸಿರಿ, ಹಾರ್ನ್ ಬಾರಿಸಬೇಡಿರಿ. ಫೋಟೋಕ್ಕಾಗಿ ಕೆಳಗಿಳಿಯಬೇಡಿರಿ. 2025ರ ಆಗಸ್ಟಿನಲ್ಲಿ ಬಂಡೀಪುರದ ರಸ್ತೆಯಲ್ಲಿ ಹಾಗೆ ಇಳಿದವರೊಬ್ಬರನ್ನು ಆನೆ ಅಟ್ಟಿ ತುಳಿಯಿತು. ಜೀವ ಉಳಿಯಿತು, ಅರಣ್ಯ ಇಲಾಖೆಗೆ 25,000 ರೂಪಾಯಿ ದಂಡ ಕಟ್ಟಬೇಕಾಯಿತು. ಬುತ್ತಿಯ ಚೀಲ ಬಿಚ್ಚದೆ, ಕಸವನ್ನು ಮರಳಿ ತನ್ನಿರಿ. ಜೀವಗಳಿಗೆ ಉಣಿಸುವ ಮನಸ್ಸಿದ್ದರೆ ನಮ್ಮೂರ ಗೋಶಾಲೆಗಳು ಬೇಸಿಗೆಯಲ್ಲಿ ಮೇವಿಗೆ ದಾರಿ ಕಾಯುತ್ತಿರುತ್ತವೆ.