ತಲೆಬಾಗಿಲು ಪಡುವಣಕ್ಕೆ

ಕಡಲ ಬದಿಯ ಊರುಗಳಿಗೆ ನಾವೆಲ್ಲ ಹಿತ್ತಲ ಬಾಗಿಲಿನಿಂದಲೇ ಹೋಗುತ್ತೇವೆ. ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ ಎಲ್ಲವನ್ನೂ ರಾಷ್ಟ್ರೀಯ ಹೆದ್ದಾರಿ 66 ಬೆನ್ನ ಕಡೆಯಿಂದ ಸವರಿಕೊಂಡು ಹೋಗುತ್ತದೆ. ಬಸ್ಸಿಳಿದವರ ಕಣ್ಣಿಗೆ ಬೀಳುವುದು ಮೊಬೈಲ್ ಅಂಗಡಿ, ಚಪ್ಪಲಿ ಅಂಗಡಿ, ಟೆಂಪೋಗಳ ಸಾಲು. ಈ ಊರುಗಳ ತಲೆಬಾಗಿಲು ಇರುವುದು ಪಡುವಣಕ್ಕೆ, ನೀರಿನ ಕಡೆಗೆ. ಪುರುಸೊತ್ತಿನ ಒಂದು ದಿನ, ಪ್ರತಿ ಊರಲ್ಲೂ ಹೆದ್ದಾರಿಗೆ ಬೆನ್ನು ಹಾಕಿ ನಡೆಯುವುದೆಂದು ಹೊರಟೆ.

ಬೆಳಗಿನ ಭಟ್ಕಳಕ್ಕೆ ಮಲ್ಲಿಗೆಯ ಪರಿಮಳ. ವಿಜಯನಗರದ ಅರಸರಿಗೆ ಅರಬ್ಬೀ ಕುದುರೆಗಳು ಬಂದಿಳಿಯುತ್ತಿದ್ದ ರೇವು ಇದು. ಅರಬ್ ವರ್ತಕರ ಸಂಬಂಧದಿಂದ ಬೆಳೆದ ನವಾಯತರ ಮಾತು ಪೇಟೆಯಲ್ಲಿ ಇಂದಿಗೂ ಕೇಳುತ್ತದೆ. ಅದು ಕೊಂಕಣಿಯೇ ಅನ್ನಿಸುವಷ್ಟರಲ್ಲಿ ನಡುವೆ ಅರಬ್ಬಿ, ಪಾರ್ಸಿ ಪದಗಳು ತಲೆಹಾಕುತ್ತವೆ. ಖೇತಪೈ ನಾರಾಯಣ ದೇವಸ್ಥಾನದ ಮುಂದೆ ನಾನು ಬಹಳ ಹೊತ್ತು ನಿಂತೆ. 16ನೇ ಶತಮಾನದ ಈ ಗುಡಿಯಲ್ಲಿ ಕಲ್ಲು ಮರದ ವೇಷ ಹಾಕಿದೆ. ಮಾಡು ಕಲ್ಲುಚಪ್ಪಡಿಗಳದ್ದೇ ಆದರೂ ಹೆಂಚಿನ ಮನೆಯ ಮಾಡಿನ ಹಾಗೆ ಇಳಿಜಾರು. ಅಡ್ಡಗೋಡೆಯ ಸರಳುಗಳೂ ಕಲ್ಲೇ. ಹೊರಗೋಡೆಯಲ್ಲಿ ರಾಮಾಯಣದ ಕತೆ ಸಾಲಾಗಿ ಸಾಗುತ್ತದೆ. ಘಟ್ಟದ ಮೇಲಿನ ಸಮತಟ್ಟು ಮಾಡಿನ ಗುಡಿ ಕರಾವಳಿಯ ಆಷಾಢದ ಮಳೆಗೆ ಬಾಳದೆಂದು ಕಟ್ಟಿದವನಿಗೆ ಚೆನ್ನಾಗಿ ಗೊತ್ತಿತ್ತು.

ಹೊನ್ನಾವರದಲ್ಲಿ ಶರಾವತಿ ಹೊಳೆಯೋ ಕಡಲೋ ಹೇಳುವುದು ಕಷ್ಟ, ಅಷ್ಟು ಅಗಲ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ, ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆನೆಂದು ಬರೆದಿಟ್ಟ. ಅರಮನೆ, ಆನೆ ಎಲ್ಲ ಕಂಡ ಅಲೆಮಾರಿ ಇಲ್ಲಿ ಹೆಣ್ಣುಮಕ್ಕಳ ಶಾಲೆ ಎಣಿಸಿದನಲ್ಲ ಎಂದು ನನಗೆ ಖುಷಿ. ಮುಂದೆ ಇದೇ ಹೊಳೆಯ ಮೇಲ್ದಂಡೆಯ ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ ಆಳಿದಳು. ಪೋರ್ಚುಗೀಸರು ಅವಳನ್ನು ಕರಿಮೆಣಸಿನ ರಾಣಿ ಎಂದರು. ಹೊಗಳಿಕೆಯಂತೆ ಕೇಳಿಸಿದರೂ ಅದರಲ್ಲಿ ಗಿರಾಕಿಯ ಆಸೆಗಣ್ಣೇ ಹೆಚ್ಚು.

ಕುಮಟೆಯಲ್ಲಿ ಬನ್ಸ್ ಭಾಜಿ ಮುಗಿಸಿ ಬಂದರಕ್ಕೆ ರಿಕ್ಷಾ ಕೇಳಿದೆ. “ಬಂದರದಲ್ಲಿ ಈಗೇನದೆ ಮಾರಾಯ್ರೆ? ಬರೀ ಮೀನು!” ಅಂದರು ರಿಕ್ಷಾದವರು. ನಿಜವೇ. ಆದರೆ 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧ ಅಲ್ಲಿಯ ಹತ್ತಿಯನ್ನು ತಡೆದಾಗ ಇಂಗ್ಲೆಂಡಿನ ಗಿರಣಿಗಳು ಇತ್ತ ತಿರುಗಿದವು. ಧಾರವಾಡ ಸೀಮೆಯ ಅರಳೆ ಘಟ್ಟ ಇಳಿದು ಈ ಬಂದರದಿಂದ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಬಯಲುಸೀಮೆಯ ಕರಿನೆಲದಲ್ಲಿ, ಪೇಟೆಯಲ್ಲಿ ಹೆಸರು ಮಾತ್ರ ‘ಕುಮಟಾ ಹತ್ತಿ’. ಬೆಳೆದವನಿಗಿಂತ ಸಾಗಿಸಿದವನ ಹೆಸರು ನಿಲ್ಲುವುದು ಹಳೆಯ ಚಾಳಿಯೇ. ಅಲ್ಲಿಂದ ಮಿರ್ಜಾನ್ ಕೋಟೆಗೆ ದೂರವಿಲ್ಲ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಸುತ್ತ ಕಂದಕ, ಆಚೆಗೆ ಅಘನಾಶಿನಿ. ಮಳೆಗಾಲದಲ್ಲಿ ಕೋಟೆಗೆ ಕೋಟೆಯೇ ಹಸಿರು ಹೊದೆಯುತ್ತದೆ, ಫೋಟೋದವರಿಗೆ ಆಗ ಸುಗ್ಗಿ. ಹೊಳೆಯ ಕೆಳದಂಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತಾರೆ. ಇಳಿತದ ಹೊತ್ತಿನಲ್ಲಿ ಹೆಂಗಸರು ನೀರಿಗಿಳಿದು ಬಳಚು ಚಿಪ್ಪು ಆರಿಸುತ್ತಾರೆ. ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪಿನ ರಾಶಿ ಬಿಸಿಲಿಗೆ ಕಣ್ಣು ಕುಕ್ಕುತ್ತದೆ.

ಅಂಕೋಲೆ ತಲುಪಿದಾಗ ಸಂಜೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಜನ ಇಲ್ಲಿ ಉಪ್ಪಿನ ಕಾನೂನು ಮುರಿದರು. ಮುಂದೆ ಕರನಿರಾಕರಣೆಗೂ ಇಳಿದು ಹೊಲ ಮನೆ ಕಳೆದುಕೊಂಡರು, ಗುಜರಾತಿನ ಕರನಿರಾಕರಣೆಯ ಊರನ್ನು ನೆನಪಿಸುವ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ತಂದರು. ಖಾನಾವಳಿಯಲ್ಲಿ ಹುರಿದ ಶೆಟ್ಲಿ (ಸಿಗಡಿ) ತಿನ್ನುತ್ತ ದಿನದ ಲೆಕ್ಕ ಹಾಕಿದೆ. ಕುದುರೆ ಘಟ್ಟ ಹತ್ತಿ ಅರಸರ ಲಾಯಕ್ಕೆ ಹೋಯಿತು. ಮೆಣಸು ಪರಂಗಿಯವರ ಹಡಗೇರಿತು. ಹತ್ತಿ ಗಿರಣಿಗೆ ಸಂದಿತು. ಈ ಕರಾವಳಿಯ ರೇವುಗಳನ್ನು ದಾಟಿದ ಸರಕಿನಲ್ಲಿ ಬಹುಪಾಲು ಬೇರೆಯವರಿಗೆ ಸೇರಿದ್ದೇ. ಉಪ್ಪೊಂದು ಮಾತ್ರ ಇಲ್ಲಿಯವರ ಗಂಜಿಗೆ ದಿನಾ ಬೇಕಾದದ್ದು. ಅಲ್ಲಿಯವರೆಗೆ ಸುಂಕಗಳನ್ನು ಹೇಗೋ ಸಹಿಸಿಕೊಂಡಿದ್ದ ಜನ ಮೊದಲು ಇದಕ್ಕೇ ಬೀದಿಗಿಳಿದರೆ ಅದರಲ್ಲಿ ಆಶ್ಚರ್ಯವೇನು!