ಹುಲಿ, ನರಿ ಮತ್ತು ನಮ್ಮ ಮಗ



ಮೈಸೂರಿಗೆ ಫೋನ್ ಮಾಡಿದಾಗಲೆಲ್ಲ ನಮ್ಮ ಸೋದರತ್ತೆಯವರು ಕೇಳುವ ಪ್ರಶ್ನೆ ಒಂದೇ: "ಅಲ್ವೋ, ಆ ಸಿನಿಮಾ ಸ್ಟುಡಿಯೋ ಪಕ್ಕದಲ್ಲೇ ಮನೆ ಮಾಡಿದ್ದೀಯ, ಒಬ್ಬ ಆಕ್ಟರನ್ನಾದರೂ ನೋಡಿದೆಯೇನೋ?" ನಾವಿರುವುದು ಸ್ಯಾನ್ ಡಿಯಾಗೋದ ಯೂನಿವರ್ಸಿಟಿ ಸಿಟಿ, ಸ್ಟುಡಿಯೋ ಇರುವುದು ಲಾಸ್ ಏಂಜಲೀಸ್ ಮಗ್ಗುಲಿನ ಯೂನಿವರ್ಸಲ್ ಸಿಟಿ, ನಡುವೆ ಸುಮಾರು ನೂರಿಪ್ಪತ್ತು ಮೈಲಿ ಎಂದು ಇಪ್ಪತ್ತು ವರ್ಷಗಳಿಂದ ಹೇಳುತ್ತಲೇ ಇದ್ದೇವೆ. ಅತ್ತೆಯವರು ಒಪ್ಪುವುದಿಲ್ಲ. "ಎಲ್ಲಾ ಒಂದೇ ಬಿಡು" ಎನ್ನುತ್ತಾರೆ.

ಹೆಸರಿನಲ್ಲಿ ಒಂದೆರಡು ಅಕ್ಷರ ಆಚೀಚೆಯಾದರೆ ಸಾಕು, ಮನುಷ್ಯ ಏಮಾರುತ್ತಾನೆ. ಇದನ್ನೇ ಬಂಡವಾಳ ಮಾಡಿಕೊಂಡು ಬದುಕುವ ಸಿನಿಮಾ ಕಸುಬೊಂದು ಇದೇ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿದೆ. ನಾವೂ ಅದೇ ಉಪಾಯವನ್ನು ಮೂರು ವರ್ಷ ನಿಮ್ಮೆಲ್ಲರ ಮೇಲೆ ಪ್ರಯೋಗಿಸಿದ್ದೇವೆ. ಸಂಪಾದಕರು "ಆರೋಗ್ಯದ ಬಗ್ಗೆ ಏನಾದರೂ ಬರೆದುಕೊಡಿ ಡಾಕ್ಟರೇ" ಎಂದು ಕೇಳಿದ್ದರು. ಕೊಲೆಸ್ಟ್ರಾಲ್ ಮುಂದಿನ ಸಂಚಿಕೆಗಿರಲಿ. ಈ ಸಲ ತಪ್ಪೊಪ್ಪಿಗೆ. ಇಲ್ಲಿ 'ನಾವು' ಎಂದರೆ ಬಹಳ ಕಡೆ ಗಂಡ ಹೆಂಡಿರಿಬ್ಬರೂ; ತಪ್ಪು ಇಬ್ಬರದೂ ಆದ್ದರಿಂದ.

ಮೊದಲು ಆ ಸಿನಿಮಾಗಳ ವಿಚಾರ. ದೊಡ್ಡ ಕಂಪನಿಯವರು ಕೋಟಿಗಟ್ಟಲೆ ಡಾಲರ್ ಸುರಿದು ಒಂದು ಚಿತ್ರ ತೆಗೆಯುತ್ತಾರೆ. ಊರೆಲ್ಲ ಅದರದೇ ಮಾತು. ಗಾಳಿ ಬಂದಾಗ ತೂರಿಕೋ ಎನ್ನುವಂತೆ ಅಷ್ಟರಲ್ಲೇ ಸಣ್ಣ ಕಂಪನಿಯವರು ಅಂಥದ್ದೇ ಕಥೆ, ಅಂಥದ್ದೇ ಹೆಸರು, ಅಂಥದ್ದೇ ಚಿತ್ರವಿರುವ ಡಬ್ಬಿ ತಯಾರು ಮಾಡಿ ಬಿಡುತ್ತಾರೆ. 1975ರಲ್ಲಿ 'ಜಾಸ್' ಎಂಬ ಶಾರ್ಕ್ ಮೀನಿನ ಚಿತ್ರ ಬಂತು; 1978ರಲ್ಲಿ ಚಿಕ್ಕ ಮೀನುಗಳ 'ಪಿರಾನಾ' ಬಂತು. 1979ರಲ್ಲಿ 'ಏಲಿಯನ್', 1981ರಲ್ಲಿ 'ಗ್ಯಾಲಕ್ಸಿ ಆಫ್ ಟೆರರ್'. 2007ರಲ್ಲಿ 'ಟ್ರಾನ್ಸ್‌ಫಾರ್ಮರ್ಸ್' ಬಂದಾಗ ಜೊತೆಗೇ 'ಟ್ರಾನ್ಸ್‌ಮಾರ್ಫರ್ಸ್'! 2005ರಲ್ಲಿ ಸ್ಪೀಲ್‌ಬರ್ಗ್ ಅವರ 'ವಾರ್ ಆಫ್ ದಿ ವರ್ಲ್ಡ್ಸ್' ತೆರೆಗೆ ಬರುವ ಹೊತ್ತಿಗೆ 'ದಿ ಅಸೈಲಮ್' ಎಂಬ ಸಣ್ಣ ಕಂಪನಿ ಅದೇ ಹೆಸರಿನ ಇನ್ನೊಂದನ್ನು ತಂದಿತು. ಎಚ್.ಜಿ. ವೆಲ್ಸ್ ಅವರ ಮೂಲ ಕಾದಂಬರಿ 1898ರದು, ಹಕ್ಕಿನ ತಂಟೆ ಇಲ್ಲ. ಬ್ಲಾಕ್‌ಬಸ್ಟರ್ ಅಂಗಡಿಗಳವರು ಒಂದು ಲಕ್ಷ ಪ್ರತಿ ತರಿಸಿಕೊಂಡರಂತೆ.

ನಮ್ಮ ಕಡೆಯೂ ಇದು ಹೊಸದೇನಲ್ಲ. 007 ಅಬ್ಬರದಲ್ಲಿದ್ದಾಗ 1968ರಲ್ಲಿ 'ಜೇಡರ ಬಲೆ'ಯಲ್ಲಿ ಅಣ್ಣಾವ್ರು ಸಿಐಡಿ 999 ಆಗಿ ಬರಲಿಲ್ಲವೇ? 1979ರ 'ನಾ ನಿನ್ನ ಬಿಡಲಾರೆ' ನೋಡಿ ಬಂದ ಮೇಲೆ ನಾವು ಒಂದು ವಾರ ರಾತ್ರಿ ಹಿತ್ತಲಿಗೆ ಒಬ್ಬರೇ ಹೋಗಿರಲಿಲ್ಲ. ಅದರ ಹಿಂದೆ 1973ರ 'ಎಕ್ಸಾರ್ಸಿಸ್ಟ್' ಇದೆಯೆಂದು ಆಮೇಲೆ ಯಾರೋ ಹೇಳಿದರು. ಅಲ್ಲಿ ಭೂತ ಮೆಟ್ಟಿಕೊಂಡದ್ದು ಪುಟ್ಟ ಹುಡುಗಿಯನ್ನು, ಇಲ್ಲಿ ಅನಂತನಾಗ್ ಅವರನ್ನು. ಹೆದರಿಕೆ ಮಾತ್ರ ನಕಲಿಯಾಗಿರಲಿಲ್ಲ!

ಹಾಲಿವುಡ್ ನಕಲಿಗೂ ನಮಗೂ ಮೊದಲ ಭೇಟಿಯಾದದ್ದು 1997ರ ಚಳಿಗಾಲದಲ್ಲಿ, ಮಿಷಿಗನ್‌ನಲ್ಲಿ. ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ ರೆಸಿಡೆನ್ಸಿಗೆ ಬಂದ ಹೊಸದು. ಮೂವತ್ತಾರು ಗಂಟೆ ಡ್ಯೂಟಿ, ಮೊಣಕಾಲುದ್ದ ಹಿಮ. ನಮ್ಮ ಮನೆಯವರು ಊರಿನಿಂದ ಬಂದು ಆರು ವಾರವಾಗಿತ್ತು. ಮಾತು ಕಡಿಮೆಯಾಗಿ, ದಿನವೆಲ್ಲ ಕಿಟಕಿಯ ಬಳಿ ಕೂತಿರುತ್ತಿದ್ದರು. ಒಂದು ಶನಿವಾರ "ಆ ಡೈನೋಸಾರ್ ಸಿನಿಮಾ ತನ್ನಿ, ಎಲ್ಲರೂ ನೋಡಿದ್ದಾರಂತೆ" ಎಂದರು. ಕಣ್ಣು ಬಿಡಲಾಗದಷ್ಟು ನಿದ್ದೆಯಲ್ಲಿ ಕ್ಯಾಸೆಟ್ ಅಂಗಡಿಗೆ ಹೋಗಿ, ಡಬ್ಬಿಯ ಮೇಲೆ ಡೈನೋಸಾರ್ ಇದ್ದದ್ದನ್ನು ಎತ್ತಿಕೊಂಡು ಬಂದೆವು. ಅದು 'ಜುರಾಸಿಕ್ ಪಾರ್ಕ್' ಅಲ್ಲ, 'ಕಾರ್ನೊಸಾರ್'.

ಎರಡೂ 1993ರವೇ. ನಕಲಿಯೇ ಅಸಲಿಗಿಂತ ಕೆಲವು ವಾರ ಮೊದಲು ತೆರೆಗೆ ಬಂದಿತ್ತು. ಅಸಲಿಗೆ ಖರ್ಚು ಆರು ಕೋಟಿ ಡಾಲರಿಗೂ ಮೇಲೆ, ಇದಕ್ಕೆ ಹತ್ತು ಲಕ್ಷದ ಆಸುಪಾಸು. ಕಥೆ ಏನೆಂದರೆ, ಒಬ್ಬ ವಿಜ್ಞಾನಿ ಹೆಂಗಸು ಕೋಳಿಮೊಟ್ಟೆಯ ಮೂಲಕ ರೋಗ ಹಬ್ಬಿಸುತ್ತಾಳೆ, ಅದು ತಗುಲಿದ ಬಾಣಂತಿಯರು ಡೈನೋಸಾರ್ ಹೆರುತ್ತಾರೆ! ಆ ವಾರವಷ್ಟೇ ಹೆರಿಗೆ ವಾರ್ಡಿನಲ್ಲಿ ಡ್ಯೂಟಿ ಮಾಡಿ ಬಂದಿದ್ದ ನಮಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ರಬ್ಬರ್ ಡೈನೋಸಾರ್ ತೂರಾಡುತ್ತ ಬಂದದ್ದನ್ನು ಕಂಡು ನಮ್ಮ ಮನೆಯವರು "ಇದೇನ್ರೀ, ನಮ್ಮೂರ ಜಾತ್ರೆ ಗಾರುಡಿ ಗೊಂಬೆ!" ಎಂದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅಮೆರಿಕಕ್ಕೆ ಬಂದ ಮೇಲೆ ಅವರು ನಕ್ಕದ್ದು ಅದೇ ಮೊದಲು. ಆ ಚಿತ್ರದ ವಿಜ್ಞಾನಿ ಹೆಂಗಸಾಗಿ ನಟಿಸಿದ್ದ ಡಯಾನ್ ಲ್ಯಾಡ್ ಅವರ ಸ್ವಂತ ಮಗಳು ಲಾರಾ ಡರ್ನ್ 'ಜುರಾಸಿಕ್ ಪಾರ್ಕ್'ನ ನಾಯಕಿ ಎಂದು ಆಮೇಲೆ ತಿಳಿಯಿತು. ಅಮ್ಮ ನಕಲಿಯಲ್ಲಿ, ಮಗಳು ಅಸಲಿಯಲ್ಲಿ. ಒಂದೇ ಮನೆ.

ಇನ್ನು ನಮ್ಮ ಮನೆ. ನಮಗೊಬ್ಬನೇ ಮಗ. ಐದನೇ ನಂಬರಿನ ಫ್ರೀವೇ ದಾಟಿದರೆ ಸಿಗುವ ವಿಶ್ವವಿದ್ಯಾಲಯಕ್ಕೇ ಬಯಾಲಜಿ ಓದಲು ಸೇರಿದ. ಹಾರುವ ತಟ್ಟೆ ಇಳಿದಂತೆ ಕಾಣುವ ಅಲ್ಲಿನ ಗೈಸೆಲ್ ಲೈಬ್ರರಿಯಲ್ಲಿ ಕೂತು ಓದಿ ಡಾಕ್ಟರಾಗುತ್ತಾನೆ ಎಂದುಕೊಂಡೆವು. ಪದವಿಯೇನೋ ಮುಗಿಸಿದ. ಆಮೇಲೆ ಒಂದು ಭಾನುವಾರ, ದೋಸೆ ತಿನ್ನುತ್ತಾ, "ಅಪ್ಪ, ನಾನು ಮೆಡಿಕಲ್‌ಗೆ ಹೋಗಲ್ಲ. ಸಿನಿಮಾಗೆ ಕೈಕಾಲು ಮಾಡೋ ಕಡೆ ಕೆಲಸ ಸಿಕ್ಕಿದೆ" ಎಂದ. ಲಾಸ್ ಏಂಜಲೀಸ್‌ನ ಒಂದು ಸಣ್ಣ ಕಂಪನಿ. ತೆಗೆಯುವುದೆಲ್ಲ ಇಂಥ ನಕಲಿ ಚಿತ್ರಗಳೇ. ಸಿಲಿಕೋನ್ ಸುರಿದು ತುಂಡಾದ ಕೈ, ಕಚ್ಚಿದ ಕಾಲು ಮಾಡುವುದು ಅವನ ಕೆಲಸ. ಅಂದು ನಾವು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. "ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತೆ" ಎಂದದ್ದೇ ಅವುಗಳಲ್ಲಿ ಮೃದುವಾದದ್ದು.

ಆ ವರ್ಷದ ಯುಗಾದಿ ಊಟದಲ್ಲಿ ನೀವು ಯಾರೋ ಕೇಳಿದಿರಿ, "ಮಗರಾಯ ಏನು ಮಾಡ್ತಿದ್ದಾನೆ?" ನಾವು ಹೇಳಿದೆವು, "ಲಾಸ್ ಏಂಜಲೀಸ್‌ನಲ್ಲಿ, ಪ್ರಾಸ್ಥೆಟಿಕ್ಸ್‌ನಲ್ಲಿ." ಸಿನಿಮಾದವರೂ ಅದನ್ನು ಹಾಗೇ ಕರೆಯುತ್ತಾರೆ, ಆಸ್ಪತ್ರೆಯವರೂ ಹಾಗೇ ಕರೆಯುತ್ತಾರೆ. "ಓಹೋ, ಕೃತಕ ಕೈಕಾಲು! ಪುಣ್ಯದ ಕೆಲಸ" ಎಂದಿರಿ. ನಾವು ನಕ್ಕು ಸುಮ್ಮನಾದೆವು. ಸುಳ್ಳು ಮಾತಿನಲ್ಲಿರಲಿಲ್ಲ, ಆ ನಗುವಿನಲ್ಲಿತ್ತು. ಗಣೇಶನ ಹಬ್ಬಕ್ಕೂ ಅದೇ ಉತ್ತರ, ರಾಜ್ಯೋತ್ಸವಕ್ಕೂ ಅದೇ.

ಮೂರನೆಯ ವರ್ಷ ಇದಕ್ಕೆ ಬೆಲೆ ತೆರಬೇಕಾಯಿತು. ನಮ್ಮ ಸಂಘದವರೇ ಒಬ್ಬರು ಮಗನ ನಂಬರ್ ಹುಡುಕಿ ಅವನಿಗೆ ಫೋನ್ ಮಾಡಿದರು. ಊರಿನಲ್ಲಿರುವ ಅವರ ಅಣ್ಣನಿಗೆ ಸಕ್ಕರೆ ಕಾಯಿಲೆಯಿಂದ ಮಂಡಿಯ ಕೆಳಗೆ ಕಾಲು ತೆಗೆದಿದ್ದರು. "ನಿಮ್ಮ ಕಂಪನಿಯಲ್ಲಿ ಒಂದು ಕಾಲು ಕೊಡಿಸೋಕಾಗುತ್ತಾ ಮರಿ? ದುಡ್ಡು ಎಷ್ಟಾದರೂ ಸರಿ" ಎಂದು ಕೇಳಿದರಂತೆ. ಅಳತೆಯನ್ನೂ ಬರೆದಿಟ್ಟುಕೊಂಡಿದ್ದರಂತೆ. ಆ ಹುಡುಗ ತನ್ನ ಕೆಲಸವೇನೆಂದು ವಿವರಿಸಿ ಕ್ಷಮೆ ಕೇಳಬೇಕಾಯಿತು. ರಾತ್ರಿ ನಮಗೆ ಫೋನ್ ಮಾಡಿದಾಗ ಕೂಗಾಡಲಿಲ್ಲ. "ಅಪ್ಪ, ನಾನು ಮಾಡೋ ಕಾಲು ಕ್ಯಾಮೆರಾ ಮುಂದೆ ನಾಲ್ಕು ಸೆಕೆಂಡ್ ನಿಂತರೆ ಸಾಕು. ಆಂಟಿಯ ಅಣ್ಣ ಅದರಲ್ಲಿ ನಡೀಬೇಕು" ಎಂದ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮ ಡಬ್ಬಿ ಮೇಲಿನ ಹೆಸರೇ ವಾಸಿ. ಒಳಗೆ ನೋಡಿದವರಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತೆ" ಎಂದ.

ಮಾರನೆಯ ದಿನವೇ ಇಬ್ಬರೂ ಅವರ ಮನೆಗೆ ಹೋಗಿ ನಿಜ ಹೇಳಿದೆವು. ಅವರು ದೊಡ್ಡ ಮನಸ್ಸಿನವರು. ಕಾಫಿ ಕೊಟ್ಟರು, ಬೈಯಲಿಲ್ಲ. ಇದನ್ನು ಬರೆಯಲು ಅನುಮತಿ ಕೊಟ್ಟವರೂ ಅವರೇ. ವೈದ್ಯರಾಗಿ ನಮ್ಮಿಂದಾದ ಸಹಾಯವೆಂದರೆ ಜೈಪುರ ಕಾಲಿನ ದಾರಿ ತೋರಿಸಿದ್ದು. 1968ರ ಸುಮಾರಿಗೆ ರಾಮಚಂದ್ರ ಶರ್ಮ ಎಂಬ ಕುಶಲಕರ್ಮಿ ಮತ್ತು ಡಾ. ಪಿ.ಕೆ. ಸೇಠಿ ಸೇರಿ ರೂಪಿಸಿದ ಪಾದ ಅದು. ವಿದೇಶಿ ಪಾದಕ್ಕೆ ಬೂಟು ಬೇಕು, ಅದನ್ನು ಹಾಕಿಕೊಂಡು ಚಕ್ಕಂಬಕ್ಕಳ ಕೂರಲಾಗದು, ಗದ್ದೆಗಿಳಿಯಲಾಗದು. ಶರ್ಮರು ರಬ್ಬರು, ಮರ ಬಳಸಿ ಕಡಿಮೆ ಖರ್ಚಿನಲ್ಲಿ ನಮ್ಮವರ ಬರಿಗಾಲಿಗೆ ಒಗ್ಗುವಂಥದ್ದನ್ನು ಮಾಡಿದರು. ಅವರ ಅಣ್ಣ ಈಗ ಅದನ್ನೇ ಹಾಕಿಕೊಂಡು ತೋಟಕ್ಕೆ ಹೋಗಿಬರುತ್ತಾರೆ.

ಆ ದೀಪಾವಳಿಗೆ ಮಗ ಮನೆಗೆ ಬಂದ, ಐಸ್ ಪೆಟ್ಟಿಗೆಯಲ್ಲಿ ಒಂದು ಕೈ ಇಟ್ಟುಕೊಂಡು. ಊಟದ ಮೇಜಿನ ಮೇಲಿಟ್ಟು, "ಅಪ್ಪ, ಇದರಲ್ಲಿ ಏನೋ ತಪ್ಪಿದೆ, ಏನು ಅಂತ ಹೇಳಿ" ಎಂದ. ನೋಡಿದೆವು. ಹೆಬ್ಬೆರಳ ಕಡೆಯಿಂದ ಮೇಲೇರುವ ರಕ್ತನಾಳ ಸರಿಯಾದ ಜಾಗದಲ್ಲೇ ಇತ್ತು, ಬಣ್ಣ ತಪ್ಪಿತ್ತು. ರಕ್ತ ಹೋದ ಕೈ ನೀಲಿಯಾಗಿರುವುದಿಲ್ಲ, ಮೇಣದಂತೆ ಬಿಳಿಚಿಕೊಂಡಿರುತ್ತದೆ ಎಂದೆವು. ಅವನು ಬರೆದುಕೊಂಡ. ಕಾರ್ನ್ ಸಿರಪ್, ಕೆಂಪು ಬಣ್ಣ, ಚಾಕೊಲೇಟ್ ಪುಡಿ ಕಲಸಿ ರಕ್ತ ಮಾಡುವಾಗ ಅವರಮ್ಮ "ಪಾಕ ಎಳೆ ಬಂತು, ಸಾಕು" ಎಂದು ಒಲೆ ಆರಿಸಿದರು. ರಾತ್ರಿ ಎರಡು ಗಂಟೆಯವರೆಗೆ ಕೂತಿದ್ದೆವು. ಅವನು ಹೈಸ್ಕೂಲು ಬಿಟ್ಟ ಮೇಲೆ ಅಷ್ಟು ಹೊತ್ತು ಒಟ್ಟಿಗೆ ಕೂತಿರಲಿಲ್ಲ.

ಅವತ್ತು ಅವನು ಹೇಳಿದ ಕಥೆಗಳು ಒಂದೆರಡಲ್ಲ. ಈ ಕಸುಬಿನ ಹಿರಿಯ ರೋಜರ್ ಕಾರ್ಮನ್, 2024ರಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡವರು, ಸ್ಟ್ಯಾನ್‌ಫರ್ಡ್‌ನಲ್ಲಿ ಇಂಜಿನಿಯರಿಂಗ್ ಓದಿ, ಸೋಮವಾರ ಸೇರಿದ ನೌಕರಿಯನ್ನು ಗುರುವಾರ ಬಿಟ್ಟವರಂತೆ. (ಇಂಜಿನಿಯರ್ ತಂದೆತಾಯಿಯರು ಗಮನಿಸಬೇಕು!) ವೆನಿಸ್‌ನಲ್ಲಿ ಹಳೆಯ ಮರದ ಡಿಪೋ ಒಂದನ್ನು ಕೊಂಡು ಸ್ಟುಡಿಯೋ ಮಾಡಿಕೊಂಡಿದ್ದರು. 'ಗ್ಯಾಲಕ್ಸಿ ಆಫ್ ಟೆರರ್'ಗೆ ಸೆಟ್ ಹಾಕಿದ ಹುಡುಗನೊಬ್ಬ ಅಂಗಡಿಯಲ್ಲಿ ತಿಂಡಿ ಕಟ್ಟಿಕೊಡುವ ಫೋಮ್ ಡಬ್ಬಿಗಳನ್ನೇ ಗೋಡೆಗೆ ಅಂಟಿಸಿ ಅಂತರಿಕ್ಷ ನೌಕೆ ಮಾಡಿದ. ತುಂಡಾದ ಕೈಯ ಮೇಲೆ ಹುಳುಗಳು ಮಿಸುಕಾಡಬೇಕಿತ್ತು, ಮಿಸುಕಾಡಲಿಲ್ಲ. ಹಿಂದಿನಿಂದ ಸ್ವಲ್ಪ ಕರೆಂಟ್ ಕೊಟ್ಟ, ಎಲ್ಲ ಒಟ್ಟಿಗೆ ಎದ್ದು ಕುಣಿದವು. ಆ ಹುಡುಗ ಜೇಮ್ಸ್ ಕ್ಯಾಮರಾನ್. 'ಏಲಿಯನ್'ನ ನಕಲಿಗೆ ಗೋಡೆ ಕಟ್ಟಿದವನಿಗೇ 1986ರಲ್ಲಿ ಅಸಲಿಯ ಮುಂದಿನ ಭಾಗ 'ಏಲಿಯನ್ಸ್' ನಿರ್ದೇಶಿಸುವ ಅವಕಾಶ ಬಂತು. ಆ ಅಸಲಿಯಾದರೂ ಪೂರ್ತಿ ಅಸಲಿಯೇ? ನೌಕೆಯಲ್ಲಿ ಅಡಗಿ ಒಬ್ಬೊಬ್ಬರನ್ನೇ ಕೊಲ್ಲುವ ಪ್ರಾಣಿಯ ಅಗ್ಗದ ಚಿತ್ರವೊಂದು 1958ರಲ್ಲೇ ಬಂದಿತ್ತು.

ನಮ್ಮ ಮಗ ಕ್ಯಾಮರಾನ್ ಆಗುತ್ತಾನೆ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಈ ಕೆಲಸ ಮಾಡುವ ಬಹುಪಾಲು ಜನ ಕೊನೆಯವರೆಗೂ ತುಂಡು ಕೈಗಳನ್ನೇ ಮಾಡುತ್ತಾರೆ. ಸಂಬಳ ಕಡಿಮೆ, ಇನ್ಶೂರೆನ್ಸ್ ಇಲ್ಲ. ಆ ಚಿಂತೆ ನಮಗೆ ಇದ್ದೇ ಇದೆ. ಆದರೆ ನರಿಯ ಗಾದೆ ಮಾತ್ರ ಈಗ ಬೇರೆಯಾಗಿ ಕೇಳಿಸುತ್ತದೆ. ರೆಸಿಡೆನ್ಸಿಯಲ್ಲಿ ಹಿರಿಯ ಡಾಕ್ಟರು ನಿಂತ ಹಾಗೆ ನಿಂತು, ಅವರ ಹಾಗೆ 'ವಾಟರ್' ಅನ್ನು 'ವಾಡರ್' ಎಂದು, ರೋಗಿಯ ಹಾಸಿಗೆಯ ಅಂಚಿನಲ್ಲಿ ಅವರ ಹಾಗೇ ಕೂತು ನಾವು ಡಾಕ್ಟರಾದೆವು. ನಕಲು ಮಾಡದೆ ಕೈಕೆಲಸ ಕಲಿತವರು ಯಾರು? ಬರೆ ಹಾಕಿಕೊಂಡ ನರಿಗೆ ಉರಿಯುವುದಂತೂ ನಿಜವೇ. ಮಗ ಇನ್ನೊಬ್ಬ ನಾವೇ ಆಗಬೇಕೆಂದು ಬಯಸಿದೆವಲ್ಲ, ಅಗ್ಗದ ನಕಲು ತೆಗೆಯಹೊರಟವರು ನಾವೇ.

ಹೋದ ತಿಂಗಳು ಆ ಚಿತ್ರ ಟಿವಿಯಲ್ಲಿ ಬಂತು. ಕೈ ಕಂಡದ್ದು ನಾಲ್ಕೇ ಸೆಕೆಂಡು. ಮೇಣದಂಥ ಬಿಳುಪು ಸರಿಯಾಗಿತ್ತು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅವನ ಹೆಸರು ಓಡುವಾಗ ನಮ್ಮ ಮನೆಯವರು ಟಿವಿ ನಿಲ್ಲಿಸಿ ಫೋಟೋ ತೆಗೆದುಕೊಂಡರು. ಮೈಸೂರಿಗೂ ಕಳಿಸಿದರು. "ನೋಡಿದೆಯಾ, ಸ್ಟುಡಿಯೋ ಪಕ್ಕದಲ್ಲೇ ಮನೆ ಅಂತ ನಾನು ಹೇಳಲಿಲ್ಲವೇನೋ" ಎಂದರು ಅತ್ತೆಯವರು.

ಮುಂದಿನ ಸಲ ನೀವು ಕೇಳಿದರೆ ನಮ್ಮ ಉತ್ತರ ಇದು: ಮಗ ಅಗ್ಗದ ದೆವ್ವದ ಸಿನಿಮಾಗಳಿಗೆ ಕೈಕಾಲು ಮಾಡುತ್ತಾನೆ. ನೋಡಬೇಕೆನಿಸಿದವರು ಒಂದು ಶನಿವಾರ ಮನೆಗೆ ಬನ್ನಿ. ಜೊತೆಗೆ ನಮ್ಮ ಸ್ಯಾನ್ ಡಿಯಾಗೋದಲ್ಲೇ ಒಂದು ಲಕ್ಷ ಡಾಲರಿಗೂ ಕಡಿಮೆ ಖರ್ಚಿನಲ್ಲಿ ತೆಗೆದ 1978ರ 'ಅಟ್ಯಾಕ್ ಆಫ್ ದಿ ಕಿಲ್ಲರ್ ಟೊಮ್ಯಾಟೋಸ್' ಕೂಡ ಹಾಕುತ್ತೇವೆ. ಅದರಲ್ಲಿ ಉರುಳಿಬೀಳುವ ಹೆಲಿಕಾಪ್ಟರ್ ನಿಜವಾಗಿಯೂ ಉರುಳಿಬಿದ್ದದ್ದು, ಪುಣ್ಯಕ್ಕೆ ಪ್ರಾಣಹಾನಿಯಾಗಲಿಲ್ಲ. ತೆಗೆದವರಲ್ಲಿ ಒಬ್ಬರಾದ ಸ್ಟೀವ್ ಪೀಸ್ ಮುಂದೆ ರಾಜ್ಯದ ಸೆನೆಟರ್ ಆದರು. ಊಟಕ್ಕೆ ಟೊಮೆಟೊ ಸಾರು. ಅದು ಮಾತ್ರ ಅಸಲಿ.